ಸಾರಾಯಿ ಅಂಗಡಿಗೆ ಬೀಗ ಹಾಕಿಸಿದ ಸಿನಿಮಾ

ಚಿಂಚೋಳಿಯಿಂದ ಕುಂಚಾವರಂ ಕಡೆಗೆ ಹೊರಟರೆ ತೊಗರಿ ಹೊಲಗಳು ಹಿಂದೆ ಸರಿದು ಗುಡ್ಡ, ಕಾಡು ಶುರುವಾಗುತ್ತದೆ. ಕಾಡಿನ ಅಂಚಿಗೆ ಲಂಬಾಣಿ ತಾಂಡಾಗಳು. ಕನ್ನಡ, ತೆಲುಗು, ಲಂಬಾಣಿ ಮೂರೂ ಮಾತು ಕಿವಿಗೆ ಬೀಳುವ ಸೀಮೆ ಇದು. ಇನ್ನಷ್ಟು ಮುಂದೆ ಹೋದರೆ ರಾಜ್ಯವೇ ಬದಲಾಗುತ್ತದೆ. ಅದು ಅಂದು ಆಂಧ್ರಪ್ರದೇಶ, 2014ರಿಂದ ತೆಲಂಗಾಣ. ಗಡಿಯ ಊರುಗಳಿಗೆ ಮಾತ್ರ ಗೊತ್ತಿರುವ ಒಂದು ಸೋಜಿಗವಿದೆ: ಒಂದು ಸರ್ಕಾರ ಪಾಪವೆಂದು ನಿಲ್ಲಿಸಿದ್ದನ್ನು ಇನ್ನೊಂದು ಸರ್ಕಾರ ಹರಾಜು ಹಾಕಿ ಮಾರಿಸುತ್ತದೆ. ಆಂಧ್ರದಲ್ಲಿ ಸಾರಾಯಿ ನಿಷೇಧವಾದದ್ದು 1993ರ ಅಕ್ಟೋಬರ್ 1ರಂದು. ಕರ್ನಾಟಕದಲ್ಲಿ ಅದು ನಿಂತದ್ದು 2007ರ ಜುಲೈ 1ಕ್ಕೆ. ನಡುವಿನ ಹದಿನಾಲ್ಕು ವರ್ಷ ಹತ್ತಿರಹತ್ತಿರದ ಹಳ್ಳಿಗಳಿಗೆ ಎರಡು ಬೇರೆ ಕಾನೂನು.

ಆ ಹದಿನಾಲ್ಕು ವರ್ಷಗಳ ಹೊಸ್ತಿಲಲ್ಲಿ, 1992ರಲ್ಲಿ, ಒಂದು ಕನ್ನಡ ಚಿತ್ರ ಬಂತು. ಹೆಸರು ‘ಜೀವನ ಚೈತ್ರ’. ನಿರ್ದೇಶನ ದೊರೆ-ಭಗವಾನ್ ಜೋಡಿಯದು, ಸಂಗೀತ ಉಪೇಂದ್ರಕುಮಾರ್ ಅವರದು. ಕಥೆಗೆ ಆಧಾರ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ‘ವ್ಯಾಪ್ತಿ-ಪ್ರಾಪ್ತಿ’ ಕಾದಂಬರಿ. 1989ರ ‘ಪರಶುರಾಮ್’ ನಂತರ ಮೂರು ವರ್ಷ ತೆರೆಯ ಮೇಲೆ ಕಾಣದಿದ್ದ ಡಾ. ರಾಜ್‌ಕುಮಾರ್ ಮತ್ತೆ ಬಣ್ಣ ಹಚ್ಚಿದ ಚಿತ್ರ. ಜನ ಚಿತ್ರಮಂದಿರಕ್ಕೆ ನುಗ್ಗಲು ಅಷ್ಟೇ ಸಾಕಿತ್ತು. ಆದರೆ ಒಳಗೆ ಕುಳಿತವರಿಗೆ ಸಿಕ್ಕಿದ್ದು ಹೊಡೆದಾಟದ ಕಥೆಯಲ್ಲ. ಅದು ಹಳ್ಳಿಯೊಂದರ ಹೆಂಡದ ಕಥೆಯಾಗಿತ್ತು.

ಹಳ್ಳಿಯ ಹಿರಿಯ ಮನೆತನದ ವಿಶ್ವನಾಥ ಊರಿನ ಕುಡಿತವನ್ನು ಬಿಡಿಸಲು ಹೊರಡುತ್ತಾನೆ. ಗಂಡಂದಿರ ಕೂಲಿ ಅಂಗಡಿಗೆ ಹೋಗುವುದನ್ನು ನೋಡಿ ನೋಡಿ ಸಾಕಾದ ಹೆಂಗಸರು ಅವನ ಬೆನ್ನಿಗೆ ನಿಲ್ಲುತ್ತಾರೆ. ಅಂಗಡಿ ಮುಚ್ಚುತ್ತದೆ. ಸಾಮಾನ್ಯ ಚಿತ್ರವಾಗಿದ್ದರೆ ಅಲ್ಲಿಗೆ ಶುಭಂ. ಇಲ್ಲಿ ಹಾಗಾಗುವುದಿಲ್ಲ. ಮಾಧವಿ ಅಭಿನಯಿಸಿರುವ ಪತ್ನಿ ಮೀನಾಕ್ಷಿಯ ಸಾವು, ಮನೆ ತೊರೆದು ಹಿಮಾಲಯದತ್ತ ನಡೆದ ನಾಯಕ, ಮರಳಿ ಬಂದಾಗ ಕಟ್ಟಿದ್ದೆಲ್ಲ ಕಳಚಿಬಿದ್ದಿರುವ ಊರು, ದಾರಿ ಬಿಟ್ಟ ಸ್ವಂತ ಮಕ್ಕಳು. ಊರಿನ ಅಂಗಡಿ ಮುಚ್ಚಿಸುವುದಕ್ಕಿಂತ ಮನೆಯ ಜಗಲಿ ಸರಿಪಡಿಸುವುದು ಕಷ್ಟ ಎಂಬುದನ್ನು ಚಿತ್ರದ ಉತ್ತರಾರ್ಧ ಸಾಕಷ್ಟು ನಿಷ್ಠುರವಾಗಿಯೇ ಹೇಳುತ್ತದೆ. ಹಿಮಾಲಯದ ಹಿನ್ನೆಲೆಯಲ್ಲಿ ಚಿತ್ರಿತವಾದ ‘ನಾದಮಯ’ ಹಾಡಿಗೆ ರಾಜ್‌ಕುಮಾರ್ 1992ರ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ಇಂದಿಗೂ ಚಿತ್ರವೆಂದರೆ ಹಲವರಿಗೆ ನೆನಪಾಗುವುದು ಆ ಹಾಡೇ. ಅದರ ಹಿಂದಿದ್ದ ಸಾರಾಯಿ ಅಂಗಡಿ ಮರೆತುಹೋಗಿದೆ.

ಅಂದಿನ ಜನ ಮರೆತಿರಲಿಲ್ಲ. ಚಿತ್ರ ನೋಡಿ ಹೋದ ಹೆಂಗಸರು ಹಲವು ಹಳ್ಳಿಗಳಲ್ಲಿ ಸಾರಾಯಿ ಅಂಗಡಿಗಳ ಮುಂದೆ ಕುಳಿತರು, ಕೆಲವೆಡೆ ಬೀಗವನ್ನೂ ಹಾಕಿಸಿದರು ಎಂಬುದು ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಮಾತು. ‘ಬಂಗಾರದ ಮನುಷ್ಯ’ (1972) ನೋಡಿ ಓದಿದ ಹುಡುಗರು ಹಳ್ಳಿಗೆ ಹಿಂದಿರುಗಿದರು ಎನ್ನುವ ಮಾತಿನ ಹಾಗೆಯೇ ಇದೂ. ಕುಡಿಯುವ, ಸೇದುವ ನಾಯಕನ ಪಾತ್ರಗಳನ್ನು ಬಹುಕಾಲದಿಂದ ದೂರವಿಟ್ಟಿದ್ದ ನಟನ ಬಾಯಲ್ಲಿ ಬಂದದ್ದರಿಂದ ಆ ಮಾತಿಗೆ ತೂಕವಿತ್ತು. ಕುಡುಕನನ್ನು ನಗಿಸುವ ಪಾತ್ರವಾಗಿ ಮಾತ್ರ ನೋಡಿ ರೂಢಿಯಾಗಿದ್ದ ಪ್ರೇಕ್ಷಕರಿಗೆ ಅವನ ಮನೆಯ ಒಲೆಯನ್ನು ತೋರಿಸಿದ್ದು ಹೊಸದೂ ಆಗಿತ್ತು.

ಆದರೂ ಒಂದು ಮಾತು ಹೇಳಲೇಬೇಕು. ತೆರೆಯ ಮೇಲಿನ ಹೆಂಗಸರಿಗೆ ಒಬ್ಬ ವಿಶ್ವನಾಥನಿದ್ದ. ಜಮೀನು, ಗೌರವ, ಗಟ್ಟಿ ದನಿ ಎಲ್ಲವೂ ಇದ್ದವನು. ನಿಜವಾದ ಹಳ್ಳಿಯ ಹೆಂಗಸರಿಗೆ ಅಂಥವನು ಎಲ್ಲಿಂದ ಬರಬೇಕು? ಅದೇ 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ವರ್ಧಿನೇನಿ ರೋಸಮ್ಮ ಮತ್ತು ಜೊತೆಗಾರ್ತಿಯರು ಸಾರಾಯಿ ವಿರುದ್ಧ ಎದ್ದರು. ಅವರಿಗೆ ಕಿಡಿ ಹಚ್ಚಿದ್ದು ಸಾಕ್ಷರತಾ ಆಂದೋಲನದ ಪಾಠ. ರಾತ್ರಿ ಅಕ್ಷರ ಕಲಿಯಲು ಕುಳಿತಾಗ, ಕುಡಿತದಿಂದ ಹಾಳಾದ ಮನೆಯ ಕಥೆಯನ್ನು ಓದಿ ‘ಇದು ನಮ್ಮದೇ’ ಎಂದು ಗುರುತಿಸಿಕೊಂಡವರು ಅವರು. ಮುಂದಿನ ವರ್ಷ ಸಾರಾಯಿಗೆ ನಿಷೇಧ ಬಂತು, 1995ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪೂರ್ಣ ಪಾನನಿಷೇಧ ತಂದಿತು, 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಅದನ್ನು ಸಡಿಲಿಸಿತು. ಒಂದು ಕಡೆ ಸಿನಿಮಾ, ಇನ್ನೊಂದು ಕಡೆ ಪಾಠಪುಸ್ತಕ. ಕಥೆಯೊಂದು ಅಂಗಡಿಯ ಬಾಗಿಲವರೆಗೂ ಜನರನ್ನು ಕರೆದೊಯ್ಯಬಲ್ಲದು ಎಂಬುದಕ್ಕೆ ಒಂದೇ ವರ್ಷದಲ್ಲಿ ಎರಡು ಸಾಕ್ಷಿ.

ಪಟ್ಟಣದ ಕಥೆ ಬೇರೆಯೇ ಇತ್ತು. ಅದನ್ನು ಏಳು ವರ್ಷ ಮೊದಲೇ ಶಂಕರ್‌ನಾಗ್ ಹೇಳಿದ್ದರು. 1985ರ ‘ಆ್ಯಕ್ಸಿಡೆಂಟ್’ ಚಿತ್ರದಲ್ಲಿ ಮಾದಕ ದ್ರವ್ಯದ ಅಮಲಿನಲ್ಲಿರುವ ಸಿರಿವಂತ ಹುಡುಗ ಕಾರು ಓಡಿಸುತ್ತಾನೆ. ರಸ್ತೆ ಬದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಚಕ್ರ ಹರಿಯುತ್ತದೆ. ಹುಡುಗನ ತಂದೆ ರಾಜಕಾರಣಿ ಧರ್ಮಾಧಿಕಾರಿ. ಪಾತ್ರ ಅನಂತನಾಗ್ ಅವರದು. ಮುಂದಿನದೆಲ್ಲ ಮುಚ್ಚಿಹಾಕುವ ಆಟ, ಅದನ್ನು ಬಯಲಿಗೆಳೆಯಲು ಹೊರಟ ಪತ್ರಕರ್ತನ ಪರದಾಟ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಗಾಂಜಾ, ಅಫೀಮು, ಹೆರಾಯಿನ್‌ಗಳ ಮೇಲೆ ಬಿಗಿ ಕಾನೂನು ಜಾರಿಗೆ ಬಂದದ್ದೂ ಅದೇ ವರ್ಷದ ನವೆಂಬರ್ 14ರಂದು. ಅಂದು ಮಕ್ಕಳ ದಿನಾಚರಣೆ ಎಂಬುದು ಕಾಕತಾಳೀಯ. ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಒಂದು ಅಂಶ ಕಣ್ಣಿಗೆ ರಾಚುತ್ತದೆ. ಬಡವನ ಅಮಲು ಅವನ ಮನೆಯನ್ನು ಸುಡುತ್ತದೆ, ಸಿರಿವಂತನ ಅಮಲು ಬೀದಿಯಲ್ಲಿ ಮಲಗಿದ ಬಡವನನ್ನು ಕೊಲ್ಲುತ್ತದೆ. ವಿದ್ಯಾರ್ಥಿಗಳಿಗೆ ಎರಡರಲ್ಲಿ ಒಂದನ್ನೇ ತೋರಿಸುವುದಾದರೆ ‘ಆ್ಯಕ್ಸಿಡೆಂಟ್’ ಹೆಚ್ಚು ಚುರುಕಾದ ಚಿತ್ರ. ಹೆತ್ತವರಿಗೆ ‘ಜೀವನ ಚೈತ್ರ’ವೇ ಸರಿ.

ಕುಂಚಾವರಂ ಸೀಮೆಯ ಸಮಸ್ಯೆ ಈ ಎರಡು ಚಿತ್ರಗಳ ನಡುವೆ ಎಲ್ಲೋ ನಿಂತಿದೆ. ಕಲಬುರಗಿ, ರಾಯಚೂರು ಭಾಗದಲ್ಲಿ ಮತ್ತು ಗಡಿಯಾಚೆಯ ತೆಲಂಗಾಣದಲ್ಲಿ ಶೇಂದಿ ಎಂದರೆ ಈಚಲು ಮರದ ರಸ ಎಂದಷ್ಟೇ ತಿಳಿಯುವ ಹಾಗಿಲ್ಲ. ಮರ ಕಡಿಮೆ, ಗಿರಾಕಿ ಹೆಚ್ಚು. ಹಾಗಾಗಿ ನೀರಿಗೆ ‘ಸಿ.ಎಚ್. ಪೌಡರ್’ ಬೆರೆಸುವ ದಂಧೆ ಬೆಳೆಯಿತು. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ಮೊದಲು ತಯಾರಿಸಿದ ಈ ರಾಸಾಯನಿಕ 1869ರಿಂದ ವೈದ್ಯರ ಕೈಯಲ್ಲಿ ನಿದ್ರೆಯ ಔಷಧಿಯಾಯಿತು. ಮಾತ್ರೆಯಾಗಿ ಸಿಗುವ ಆಲ್ಪ್ರಜೋಲಂ, ಡಯಾಜೆಪಾಂಗಳನ್ನೂ ಬೆರೆಸುವುದುಂಟು. ‘ನಮ್ಮವರು ಬರೀ ಶೇಂದಿ ಕುಡೀತಾರ, ಡ್ರಗ್ಸ್ ಏನಿಲ್ಲ’ ಎನ್ನುವ ಮನೆಯವರ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ಅಂಥ ಶೇಂದಿ ಕುಡಿದವನು ಗೊತ್ತಿಲ್ಲದೆ ಔಷಧಿ ಅಂಗಡಿಯ ಮಾದಕ ವಸ್ತುವನ್ನೇ ಸೇವಿಸುತ್ತಿರುತ್ತಾನೆ.

ಇದರ ಪರಿಣಾಮ ಬೆಳಕಿಗೆ ಬಂದದ್ದು ಶೇಂದಿ ಸಿಕ್ಕಾಗ ಅಲ್ಲ, ಸಿಗದೇ ಹೋದಾಗ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಶೇಂದಿಯ ಮೇಲೆ ಅಧಿಕಾರಿಗಳು ಕೈಬಿಗಿ ಮಾಡಿದರು. ಆಗ ನಿಜಾಮಾಬಾದ್ ಮೊದಲಾದೆಡೆ ಆಸ್ಪತ್ರೆಗಳಿಗೆ ಜನ ಬರತೊಡಗಿದರು. ಕೈಕಾಲು ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ತನ್ನಷ್ಟಕ್ಕೆ ಬಡಬಡಿಸುವುದು. ಊರವರಿಗೆ ದೆವ್ವ ಹಿಡಿದಂತೆ ಕಂಡದ್ದು ವೈದ್ಯರಿಗೆ ಅಮಲು ಬಿಟ್ಟ ದೇಹದ ಕೂಗು.

ಸಿನಿಮಾಗಳು ಜಾರುವುದು ಇಲ್ಲಿಯೇ. ಅಂಗಡಿಗೆ ಬೀಗ ಬಿದ್ದರೆ ಚಟಕ್ಕೂ ಬೀಗ ಬಿತ್ತು ಎಂಬ ಭಾವನೆ ‘ಜೀವನ ಚೈತ್ರ’ದಲ್ಲೂ ಇದೆ. ಮಾದಕ ವ್ಯಸನದ ಚಿತ್ರಗಳಿಗೆ ಜಗತ್ತಿನಲ್ಲೇ ಮೇಲ್ಪಂಕ್ತಿ ಎನಿಸಿದ ಅಮೆರಿಕದ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ (1955) ಕೂಡ ಇದಕ್ಕೆ ಹೊರತಲ್ಲ. ನೆಲ್ಸನ್ ಆಲ್ಗ್ರೆನ್ ಅವರ ಕಾದಂಬರಿ, ಆಟೋ ಪ್ರೆಮಿಂಜರ್ ನಿರ್ದೇಶನ, ಮುಖ್ಯ ಪಾತ್ರದಲ್ಲಿ ಗಾಯಕ ಫ್ರಾಂಕ್ ಸಿನಾತ್ರಾ. ಮಾದಕ ದ್ರವ್ಯದ ವಿಷಯವನ್ನೇ ತೋರಿಸಬಾರದೆಂದು ಅಂದಿನ ಹಾಲಿವುಡ್ ತನಗೆ ತಾನೇ ಹಾಕಿಕೊಂಡಿದ್ದ ಕಟ್ಟಳೆಯ ಮುದ್ರೆ ಅದಕ್ಕೆ ಸಿಗಲಿಲ್ಲ. ಮುದ್ರೆಯಿಲ್ಲದೆಯೇ ಬಿಡುಗಡೆಯಾಗಿ ಗೆದ್ದಿತು, ಮರುವರ್ಷ ಕಟ್ಟಳೆಯೇ ಸಡಿಲವಾಯಿತು. ಆ ಚಿತ್ರದ ಹೆಸರಾಂತ ದೃಶ್ಯದಲ್ಲಿ ನಾಯಕನನ್ನು ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುತ್ತಾರೆ. ಅವನು ನರಳುತ್ತಾನೆ, ಗೋಡೆಗೆ ಬಡಿದುಕೊಳ್ಳುತ್ತಾನೆ, ಕೊನೆಗೆ ಗುಣವಾಗಿ ಹೊರಬರುತ್ತಾನೆ. ಸಿನಾತ್ರಾಗೆ ಆಸ್ಕರ್ ನಾಮಕರಣ ತಂದ ಅಭಿನಯವದು. ವೈದ್ಯಕೀಯವಾಗಿ ಮಾತ್ರ ಅದು ಅನುಕರಿಸಬೇಕಾದ ದೃಶ್ಯವಲ್ಲ.

ಕಾರಣ ಹೀಗಿದೆ. ಹೆರಾಯಿನ್ ಬಿಡುವಾಗಿನ ನರಳಾಟ ಭಯಾನಕವಾಗಿ ಕಂಡರೂ ಅದರಿಂದಲೇ ಸಾವು ಬರುವುದು ವಿರಳ. ಹೆಂಡದ ವಿಷಯ ಹಾಗಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗತೊಡಗುತ್ತದೆ. ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಜ್ವರ, ಬೆವರು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಮನೆಯವರ ಗುರುತು ಸಿಗದಿರುವುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಸಿ.ಎಚ್. ಬೆರೆತ ಶೇಂದಿ ಬಿಟ್ಟವರಿಗೂ ಬಹುಮಟ್ಟಿಗೆ ಇದೇ ಗತಿ. ‘ಮೂರು ದಿನ ಕೋಣ್ಯಾಗ ಹಾಕಿ ಕೀಲಿ ಹಾಕ್ರಿ, ತಾನೇ ಬಿಡ್ತಾನ’ ಎನ್ನುವ ಊರ ಹಿರಿಯರ ಸಲಹೆಯನ್ನು ತಾಯಂದಿರು ನಂಬಬಾರದ್ದು ಇದಕ್ಕಾಗಿಯೇ. ಬಿಡಿಸಬೇಕು, ಆದರೆ ವೈದ್ಯರ ಕಣ್ಣೆದುರು.

ಕಾನೂನಿನ ಬೀಗಕ್ಕೂ ಮಿತಿಯಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತಾಗ ರಾಜ್ಯದಲ್ಲಿ ಸಾರಾಯಿ ನಿಷೇಧವಿರಲಿಲ್ಲ. ನಿಷೇಧ ಬಂದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಬಟ್ಟಿ ಮತ್ತೆ ನೂರಕ್ಕೂ ಹೆಚ್ಚು ಜೀವ ತೆಗೆಯಿತು. ಎರಡೂ ಸಲ ಕೊಂದದ್ದು ಮಿಥೈಲ್ ಆಲ್ಕೋಹಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಬದುಕುಳಿದವರಲ್ಲಿ ದೃಷ್ಟಿ ಕಳೆದುಕೊಂಡವರಿರುವುದು ಅದರಿಂದಲೇ. ಇತ್ತ ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಕೊಟ್ಟವನು ಬದಲಾದ, ಕುಡಿದವನು ಅವನೇ.

ಹೆಂಗಸರಂತೂ ಸುಮ್ಮನೆ ಕುಳಿತಿಲ್ಲ. 2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಮಹಿಳೆಯರು ಪಾನನಿಷೇಧ ಬೇಡಿ ಬೆಂಗಳೂರಿನತ್ತ ಕಾಲ್ನಡಿಗೆಯಲ್ಲಿ ಹೊರಟರು. ರಾಯಚೂರು ಸೇರಿದಂತೆ ಉತ್ತರದ ಜಿಲ್ಲೆಗಳ ಕೂಲಿ ಹೆಂಗಸರು ಅವರಲ್ಲಿ ಬಹಳ. ದಾರಿಯಲ್ಲಿ ವಾಹನ ಬಡಿದು ಒಬ್ಬಾಕೆ ತೀರಿಕೊಂಡರು. ಉಳಿದವರು ನಡೆದರು, ಗಾಂಧೀಜಿ ಪುಣ್ಯತಿಥಿಯ ದಿನ, ಜನವರಿ 30ಕ್ಕೆ, ರಾಜಧಾನಿ ಮುಟ್ಟಿದರು. ಸುಮಾರು ಇನ್ನೂರು ಕಿಲೋಮೀಟರು. ಮುಂದೆ ಯಾವ ನಾಯಕನಟನೂ ಇರಲಿಲ್ಲ. ಪೂರ್ಣ ಪಾನನಿಷೇಧ ಬರಲಿಲ್ಲ.

ಶಾಲೆ, ಕಾಲೇಜುಗಳಲ್ಲಿ ಈ ಚಿತ್ರಗಳನ್ನು ತೋರಿಸುವವರಿಗೆ ಒಂದು ಸೂಚನೆ ಇಡಬಹುದು. ಚಿತ್ರ ಮುಗಿದ ಕೂಡಲೇ ಭಾಷಣ ಶುರು ಮಾಡಿದರೆ ಮಕ್ಕಳು ಎದ್ದು ಹೋಗುತ್ತಾರೆ. ಪ್ರಶ್ನೆ ಕೇಳಿದರೆ ಕೂರುತ್ತಾರೆ. ವಿಶ್ವನಾಥನ ಮಕ್ಕಳೇಕೆ ತಂದೆಯಂತೆ ಆಗಲಿಲ್ಲ? ಧರ್ಮಾಧಿಕಾರಿ ಮಗನನ್ನು ಕಾಪಾಡಿದ್ದು ಪ್ರೀತಿಯೇ? ತಾಂಡಾದಿಂದ ಬಂದ ಹುಡುಗ, ದುಡಿಯಲು ಅಪ್ಪ-ಅವ್ವ ಮುಂಬೈ, ಪುಣೆ ಎಂದು ಗುಳೆ ಹೋದಾಗ ಅಜ್ಜಿಯ ಬಳಿ ಉಳಿದ ಹುಡುಗಿ, ಶಹಾಬಾದಿನ ಕಲ್ಲಿನ ಗಣಿ ಕಾರ್ಮಿಕನ ಮಗ ಈ ಪ್ರಶ್ನೆಗಳಿಗೆ ಕೊಡುವ ಉತ್ತರ ಯಾವ ಪಠ್ಯದಲ್ಲೂ ಇರಲಾರದು. ಮನೆಯಲ್ಲಿ ನಡೆಯುವುದನ್ನು ನೇರ ಹೇಳಲಾರದ ಮಗು ಸಿನಿಮಾದ ನೆಪದಲ್ಲಿ ಹೇಳುತ್ತದೆ. ಮೇಷ್ಟ್ರು ಕೇಳಿಸಿಕೊಳ್ಳಬೇಕು, ಅಷ್ಟೆ. ಕೇಳಿದ್ದನ್ನು ತರಗತಿಯಲ್ಲಿ ಎತ್ತಿ ಆಡಬಾರದು.

ಚಿಕಿತ್ಸೆಗೆ ದೂರ ಹೋಗಬೇಕಾದ ಕಾಲವೂ ಈಗಿಲ್ಲ. ಮನೋರೋಗ ಚಿಕಿತ್ಸೆಯನ್ನು ಜಿಲ್ಲೆ, ತಾಲ್ಲೂಕುಗಳಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1985ರ ಹೊತ್ತಿಗೆ ಮಾಡಿ ನೋಡಿದ್ದು ಇದೇ ಉತ್ತರ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಮಾದರಿಯಿಂದಲೇ. ಕುಡಿತ, ಮಾದಕ ದ್ರವ್ಯಗಳ ಚಟ ಬಿಡಿಸಲು ಸಲಹೆ ಕೇಳುವವರಿಗೆ 14446 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ. 2022ರಿಂದ ಟೆಲಿ-ಮನಸ್ ಸೇವೆಯ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ. ಅವನ ಹೆಂಡತಿ ಮಾಡಬಹುದು, ಹತ್ತನೇ ತರಗತಿಯಲ್ಲಿ ಓದುವ ಮಗಳೂ ಮಾಡಬಹುದು.