ಅನ್ನನಾಳದಲ್ಲಿ ಕೊಳವೆ: ಮುದ್ದೆ ನುಂಗೋ ಮುಂಚೆ ಇದನ್ನೋದಿ!

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಇದು ಮಂಡ್ಯ ಕಡೆಯ ಹಳೇ ಶಾಸ್ತ್ರ. ಆದರೆ ಅನ್ನನಾಳದಲ್ಲಿ ‘ಸ್ಟೆಂಟ್’ ಕೂರಿಸಿಕೊಂಡವರ ಹತ್ತಿರ ಈ ಶಾಸ್ತ್ರ ನಡೆಯೋದಿಲ್ಲ.

ಬೀಡಿ, ಹೊಗೆಸೊಪ್ಪು, ಹೆಂಡ ಇವೆಲ್ಲ ಅನ್ನನಾಳದ ಕ್ಯಾನ್ಸರಿಗೆ ದಾರಿ. ರೋಗ ಬಲಿತಾಗ ಮೊದಲು ಮುದ್ದೆ ಇಳಿಯದು, ಆಮೇಲೆ ಅನ್ನ, ಕಡೆಗೆ ನೀರೂ ಇಳಿಯದು. ಇಂಥವರು ಬಸ್ಸು ಹತ್ತಿ, 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಇನ್ನೊಂದು ದೊಡ್ಡಾಸ್ಪತ್ರೆಗೋ ಹೋಗುತ್ತಾರೆ. ವೈದ್ಯರು ಬಾಯಿಂದ ಎಂಡೋಸ್ಕೋಪು ಇಳಿಸಿ ಬಲೆಯಂಥ ಕೊಳವೆ ಕೂರಿಸುತ್ತಾರೆ. ನಿಕಲ್-ಟೈಟಾನಿಯಂ ಬೆರೆತ ಈ ಬಲೆ ಒಳಗೆ ತಾನೇ ಅರಳಿ ದಾರಿ ಬಿಡಿಸುತ್ತದೆ. ರೋಗ ವಾಸಿಯಾಗೋದಿಲ್ಲ, ಊಟ ಇಳಿಯುತ್ತದೆ ಅಷ್ಟೆ. ಹಸಿದವನಿಗೆ ಆ ‘ಅಷ್ಟೆ’ಯೇ ದೊಡ್ಡದು.

ನೆಂಟರ ಒತ್ತಾಯ

ತಾಪತ್ರಯ ಶುರುವಾಗೋದು ಮನೆಗೆ ಬಂದ ಮೇಲೆ. “ಈಗ ಸರಿಹೋಯ್ತಲ್ಲ ಮಾವ, ಒಂದು ತುಂಡು ಬಾಯಿಗಾಕ್ಕೊಳಿ” ಅಂತಾರೆ ನೆಂಟರು. ಬಾಡಿನ ತುಂಡು, ಚಪಾತಿ, ಬ್ರೆಡ್ಡು, ನಾರಿನ ಸೊಪ್ಪು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೇಲಿಂದ ಇನ್ನೊಂದು ತುತ್ತು ತುರುಕಬಾರದು. ಊಟ ನಿಲ್ಲಿಸಿ, ಎದ್ದು ಓಡಾಡಿ, ಬೆಚ್ಚಗಿನ ನೀರನ್ನೋ ಸೋಡಾವನ್ನೋ ಗುಟುಕು ಗುಟುಕಾಗಿ ಕುಡಿಯಬೇಕು. ಒಂದೆರಡು ಗಂಟೆಯಲ್ಲಿ ಬಿಡದಿದ್ದರೆ ಆಸ್ಪತ್ರೆಗೆ ಹೋಗಬೇಕು. ಎಂಜಲೂ ಇಳಿಯದಿದ್ದರೆ ಕೂಡಲೇ ಹೊರಡಬೇಕು. ಎಂಡೋಸ್ಕೋಪಿನಿಂದ ಅದನ್ನು ಬಿಡಿಸುತ್ತಾರೆ.

ಜಾರುವ ಕೊಳವೆ

ಹೊದಿಕೆಯಿರುವ ಕೊಳವೆ ಜಾರುವುದು ಹೆಚ್ಚು. ಹೊದಿಕೆಯಿಲ್ಲದ್ದಾದರೆ ಬಲೆಯ ಕಣ್ಣುಗಳಲ್ಲಿ ಗಡ್ಡೆ ಒಳಕ್ಕೆ ಬೆಳೆಯುತ್ತದೆ. ಜಾರಿದ್ದನ್ನು ಸರಿಪಡಿಸುತ್ತಾರೆ, ಇಲ್ಲವೇ ತೆಗೆದು ಬೇರೆ ಹಾಕುತ್ತಾರೆ. ಗಡ್ಡೆ ಮುಚ್ಚಿದರೆ ಹಳೇದರೊಳಗೇ ಇನ್ನೊಂದು ಕೂರಿಸುವುದುಂಟು.

ಕೊಳವೆ ಹೊಟ್ಟೆಯ ಬಾಯಿ ದಾಟಿದ್ದರೆ ಹುಳಿನೀರು ಮೇಲೇರುತ್ತದೆ. ಅದಕ್ಕೆ ವೈದ್ಯರು ಬರೆದ ಮಾತ್ರೆ ಬೇಕು, ಮಂಚದ ತಲೆಕಡೆ ಎತ್ತರವಾಗಿರಬೇಕು, ಉಂಡ ಕೂಡಲೇ ಮಲಗಬಾರದು.

ಮೊದಲ ಕೆಲ ದಿನ ಎದೆನೋವು ಮಾಮೂಲು. ಆದರೆ ತಡೆಯಲಾಗದ ನೋವು, ಜ್ವರ, ಏದುಸಿರು, ರಕ್ತವಾಂತಿ, ಕಪ್ಪು ಮಲ, ನೀರು ಕುಡಿದಾಗಲೆಲ್ಲ ಕೆಮ್ಮು ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬಾರದು. ಅನ್ನನಾಳ ತೂತಾಗಿರಬಹುದು, ಒಳಗೆ ರಕ್ತ ಸೋರುತ್ತಿರಬಹುದು.

ತಿನ್ನಲು ಏನೂ ಇಲ್ಲವೇ? ಬೇಕಾದಷ್ಟಿದೆ. ಗಂಜಿ, ಅಂಬಲಿ, ಸಾರಲ್ಲಿ ನೆನೆಸಿದ ಇಡ್ಲಿ, ಕಿವುಚಿದ ಅನ್ನ. ನೆಟ್ಟಗೆ ಕೂತು, ಅಗಿದು, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು.

ಕೊಳವೆ ಹಾಕಿಸಿದ ದಿನವೇ, ಬಸ್ಸು ಹತ್ತೋ ಮುಂಚೆ, ರಾತ್ರಿ ಹೊತ್ತು ಸಿಕ್ಕಿಕೊಂಡರೆ ಯಾರಿಗೆ ಫೋನು ಮಾಡಬೇಕೆಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಬೀರುವಿನಲ್ಲಲ್ಲ, ಅಡುಗೆಮನೆ ಗೋಡೆ ಮೇಲಿರಲಿ.