ಹಳೆ ಗಣಕ, ಹೊಸ ಗಣಕ: ಮಾತು ಬಿಟ್ಟಿದ್ದೇಕೆ?

‘ಹಳೇದ್ರಾಗ ಪ್ರಿಂಟ್ ಬರ್ತೈತಿ, ಹೊಸದ್ರಾಗ ಯಾಕ ಬರವಲ್ದು?’

ವಿದ್ಯಾರ್ಥಿವೇತನದ ಅರ್ಜಿಗೆ ನಾಳೆಯೇ ಕೊನೆಯ ದಿನ. ಹೊಲದ ಕೆಲಸ ಬಿಟ್ಟು ಮಗಳ ಜೊತೆ ಬಂದ ಅಪ್ಪ ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದಾನೆ. ಹೊಸ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಯಾಗಿದೆ. ಆದರೆ ಪ್ರಿಂಟರ್ ಜೋಡಿಸಿರುವುದು ಮೂಲೆಯ ಹಳೆ ಕಂಪ್ಯೂಟರಿಗೆ. ನಡುವೆ ಮೂರು ಮೀಟರ್ ನೀಲಿ ತಂತಿ. ಅಷ್ಟು ದೂರ ದಾಟಲು ಅರ್ಜಿಗೆ ಆಗುತ್ತಿಲ್ಲ!

ಕುಷ್ಟಗಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹನುಮಸಾಗರದಲ್ಲಾಗಲಿ, ತಾವರಗೇರಾ, ಯಲಬುರ್ಗಾಗಳಲ್ಲಾಗಲಿ ಇಂಥದೊಂದು ಅಂಗಡಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಶಾಲೆಯ ಕಚೇರಿ, ಸಹಕಾರ ಸಂಘಗಳ ಕಥೆಯೂ ಇದೇ. ಹಳೆಯದನ್ನು ಎಸೆಯಲು ಮನಸ್ಸು ಬಾರದು, ಹೊಸದನ್ನು ಕೊಳ್ಳದೆ ವಿಧಿಯಿಲ್ಲ. ಎರಡೂ ಒಂದೇ ಮೇಜಿನ ಮೇಲೆ ಕುಳಿತು ಮಾತು ಬಿಟ್ಟಾಗ ಯಂತ್ರ ಕೆಟ್ಟಿತು ಎಂದು ತೀರ್ಮಾನಿಸುವವರೇ ಹೆಚ್ಚು. ಅನೇಕ ಬಾರಿ ಏನೂ ಕೆಟ್ಟಿರುವುದಿಲ್ಲ. ಹೊಸ ಕಂಪ್ಯೂಟರು ಬೇಕೆಂದೇ ಬಾಗಿಲು ಹಾಕಿಕೊಂಡಿರುತ್ತದೆ.

ಬಾಗಿಲು ಹಾಕಿದ್ದೇಕೆ?

ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ 1948ರವರೆಗೆ ಸರ್ಕಾರಿ ಭಾಷೆ ಉರ್ದು. ಅಂದಿನ ಕಡತವೊಂದನ್ನು ಇಂದಿನ ಗುಮಾಸ್ತರ ಮುಂದಿಟ್ಟರೆ ಏನಾದೀತು? ಕಾಗದ ಗಟ್ಟಿಯಾಗಿದೆ, ಶಾಯಿ ಮಾಸಿಲ್ಲ, ಆದರೆ ಓದಲು ಬಾರದು. ಕಂಪ್ಯೂಟರುಗಳ ನಡುವೆಯೂ ಇಂಥ ಕಚೇರಿ ಭಾಷೆಯೊಂದಿದೆ. ವಿಂಡೋಸ್ ಯಂತ್ರಗಳು ಕಡತವನ್ನೂ ಪ್ರಿಂಟರನ್ನೂ ಹಂಚಿಕೊಳ್ಳುವುದು ‘ಎಸ್‌ಎಂಬಿ’ ಎಂಬ ಸಂವಹನ ನಿಯಮದಲ್ಲಿ. ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಇದನ್ನು ರೂಪಿಸಿದ್ದು 1983ರಲ್ಲಿ. ಅದರ ಎರಡನೆಯ ಆವೃತ್ತಿ ವಿಂಡೋಸ್ ವಿಸ್ತಾದ ಜೊತೆ ಬಂತು. 2001ರ ಎಕ್ಸ್‌ಪಿಗೆ ಮೊದಲನೆಯದಷ್ಟೇ ಗೊತ್ತು. 2009ರ ವಿಂಡೋಸ್ 7ಕ್ಕೆ ಎರಡೂ ಗೊತ್ತು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಹೊಸ ಕಂಪ್ಯೂಟರು ಹಳೆ ಭಾಷೆಯನ್ನು ಮರೆತದ್ದಲ್ಲ, ಆಡಬಾರದೆಂದು ಅದಕ್ಕೆ ಕಟ್ಟಪ್ಪಣೆಯಾಗಿದೆ. ಆ ಭಾಷೆಯ ಅಪಾಯವನ್ನು ಎಲ್ಲರಿಗೂ ತೋರಿಸಿಕೊಟ್ಟದ್ದು 2017ರ ಮೇ 12ರಂದು ಕಾಣಿಸಿಕೊಂಡ ‘ವಾನಾಕ್ರೈ’. ಮೊದಲ ಎಸ್‌ಎಂಬಿಯ ದೋಷವೊಂದರ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬಿ, ಕಡತಗಳಿಗೆಲ್ಲ ಬೀಗ ಜಡಿದು, ತೆರೆಯಲು 300 ಡಾಲರ್ ಒತ್ತೆಹಣ ಕೇಳಿದ ಕುತಂತ್ರಾಂಶವದು. ಸುಮಾರು 150 ದೇಶಗಳು ತತ್ತರಿಸಿದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ದೊಡ್ಡವರ ಪಾಡು ಎಂದು ಸುಮ್ಮನಿರುವಂತಿರಲಿಲ್ಲ. ನಮ್ಮ ನೆರೆಯ ವಯನಾಡಿನ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ದೋಷಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರೇ ಬಹಳ ಮಂದಿ. 2017ರ ಅಕ್ಟೋಬರಿನಿಂದ ವಿಂಡೋಸ್ 10ನ್ನು ಹೊಸದಾಗಿ ಹಾಕಿದರೆ ಹಳೆ ಎಸ್‌ಎಂಬಿ ಅದರ ಜೊತೆ ಬರುವುದು ನಿಂತಿತು.

ಹಾಗಾದರೆ ದೋಷವೆಲ್ಲ ಭಾಷೆಯದೇ? ಅಲ್ಲ. ಅಲ್ಲಿಗೆ ಮುಟ್ಟುವ ಮೊದಲು ನೋಡಬೇಕಾದ್ದು ಬೇರೆ ಇದೆ. ಕಂಪ್ಯೂಟರ್ ಕಲಿಯುತ್ತಿರುವ ವಿದ್ಯಾರ್ಥಿಗಳು ಇದನ್ನೊಂದು ಪ್ರಯೋಗವೆಂದೇ ತೆಗೆದುಕೊಳ್ಳಬಹುದು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶ ನೋಡಿ. ನಾಲ್ಕನ್ನು ಒಟ್ಟಿಗೆ ತಿರುವಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ಮೊದಲು ತಂತಿ. ಎರಡೂ ಯಂತ್ರ ಒಂದೇ ರೂಟರಿಗೆ ಸೇರಿವೆಯೇ? ಅವುಗಳ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲವೆಂದು ಅರ್ಥ. ವಿಳಾಸ ಸರಿಯಿದ್ದರೆ ‘ಪಿಂಗ್’ ಆದೇಶದಿಂದ ಹೊಸದರಿಂದ ಹಳೆಯದನ್ನು ಕೂಗಿ ನೋಡಬೇಕು. ಉತ್ತರ ಬಂದರೆ ದಾರಿ ತೆರೆದಿದೆ. ಬಾರದಿದ್ದರೆ ದಾರಿಯೇ ಇಲ್ಲವೆನ್ನಲಾಗದು, ಫೈರ್‌ವಾಲ್ ಎಂಬ ಕಾವಲುಗಾರ ತಡೆದಿರಬಹುದು.

ಎರಡನೆಯದು, ಹೊಸ ವಿಂಡೋಸ್ ತಾನಿರುವ ಜಾಲವನ್ನು ‘ಪಬ್ಲಿಕ್’ ಎಂದು ತಿಳಿದಿದ್ದರೆ ಬಸ್ ನಿಲ್ದಾಣದಲ್ಲಿ ಕುಳಿತ ಪ್ರಯಾಣಿಕನಂತೆ ತನ್ನ ಚೀಲವನ್ನು ಯಾರಿಗೂ ತೋರಿಸದು. ಅಂಗಡಿಯದೇ ಜಾಲವಾದರೆ ‘ಪ್ರೈವೇಟ್’ ಎಂದು ಬದಲಿಸಬೇಕು.

ಅತಿ ಹೆಚ್ಚು ಮಂದಿ ಎಡವುವುದು ಪಾಸ್‌ವರ್ಡಿನಲ್ಲಿ. ಪಾಸ್‌ವರ್ಡೇ ಇಲ್ಲದ ಖಾತೆಗೆ ಜಾಲದ ಮೂಲಕ ಪ್ರವೇಶವನ್ನು ವಿಂಡೋಸ್ ಕೊಡುವುದಿಲ್ಲ. ದಿನವೂ ಒತ್ತುವ ನಾಲ್ಕಂಕಿಯ ‘ಪಿನ್’ ಕೂಡ ಇಲ್ಲಿ ನಡೆಯದು, ಅದು ಆ ಒಂದೇ ಯಂತ್ರಕ್ಕೆ ಸೀಮಿತ. ಹಂಚುವ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಬೇರೊಂದು ಖಾತೆ ತೆರೆದು, ಇನ್ನೊಂದು ಯಂತ್ರದಿಂದ ಆ ಹೆಸರಿನಲ್ಲೇ ಒಳಗೆ ಬರುವುದು ಲೇಸು. ಹಳೆಯದು ವಿಂಡೋಸ್ 7 ಆಗಿದ್ದರೆ ಕಡತಗಳ ತಂಟೆ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ.

ಎಕ್ಸ್‌ಪಿ ಆಗಿದ್ದರೆ?

ಆಗ ಭಾಷೆಯ ತೊಡಕು ನಿಜ. ಹೊಸ ಯಂತ್ರದಲ್ಲಿ ಹಳೆ ಎಸ್‌ಎಂಬಿಯ ಚೌಕಕ್ಕೆ ಟಿಕ್ ಹಾಕಿಬಿಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಾಕಿದರೆ ಕೆಲಸವೂ ಆಗಬಹುದು. ಆದರೂ ಹಾಕಬಾರದು. ಊರ ಮಕ್ಕಳ ಅಂಕಪಟ್ಟಿ, ಆಧಾರ್ ಪ್ರತಿ, ಆದಾಯ ಪ್ರಮಾಣಪತ್ರಗಳೆಲ್ಲ ಅದೇ ಡಿಸ್ಕಿನಲ್ಲಿರುತ್ತವೆ. ಒಂದು ಪ್ರಿಂಟಿಗಾಗಿ 2017ರ ಬಾಗಿಲನ್ನು ಮತ್ತೆ ತೆರೆದಿಡುವುದು ಯಾವ ಲೆಕ್ಕದ ಜಾಣತನ? ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅದನ್ನು ಅಂತರ್ಜಾಲದಿಂದ ದೂರವಿಟ್ಟು ಬಳಸುವುದೇ ಕ್ಷೇಮ.

ಪ್ರಿಂಟರಿಗೇ ಜಾಲದ ಕಿಂಡಿ ಇದ್ದರೆ ಜಗಳವೇ ಇಲ್ಲ. ಅದನ್ನು ನೇರವಾಗಿ ರೂಟರಿಗೆ ಸಿಕ್ಕಿಸಿದರೆ ಹಳೆಯದೂ ಹೊಸದೂ ಯಾರ ಹಂಗಿಲ್ಲದೆ ಅದಕ್ಕೆ ಕಳಿಸಬಹುದು. ಸಾಮಾನ್ಯವಾಗಿ 9100 ಎಂಬ ಸಂಖ್ಯೆಯ ಪೋರ್ಟಿಗೆ. ಬರೀ ಯುಎಸ್‌ಬಿ ಪ್ರಿಂಟರಾದರೆ ಡ್ರೈವರ್ ತಂತ್ರಾಂಶ ನೋಡಬೇಕು. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಎಕ್ಸ್‌ಪಿ ಕಾಲದ 32 ಬಿಟ್ ಡ್ರೈವರ್ ಅದಕ್ಕೆ ಹಿಡಿಸದು. 64 ಬಿಟ್ ಡ್ರೈವರ್ ಬಂದೇ ಇಲ್ಲದ ಪ್ರಿಂಟರನ್ನು ಹಳೆ ಯಂತ್ರದ ಜೊತೆಗೇ ಬಿಡುವುದು ಒಳಿತು.

ವಿಂಡೋಸ್ 7, 10ರ ಪ್ರಿಂಟರ್ ಹಂಚಿಕೆಯಲ್ಲಿ ಇನ್ನೊಂದು ಕಾಟವಿದೆ. 2021ರ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಬಯಲಾಯಿತು. ಅದೇ ಸೆಪ್ಟೆಂಬರಿನ ತಿದ್ದುಪಡಿಯ ಬಳಿಕ 11ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಎಷ್ಟೋ ಕಚೇರಿಗಳಲ್ಲಿ ಕಾಣಿಸಿತು. ತಿದ್ದುಪಡಿಯನ್ನೇ ಕಿತ್ತುಹಾಕಿದವರುಂಟು. ಎರಡೂ ಯಂತ್ರಗಳಿಗೆ ಸಿಗುವ ತಿದ್ದುಪಡಿಗಳನ್ನೆಲ್ಲ ಹಾಕುವುದೇ ಸರಿಯಾದ ದಾರಿ.

ಇಷ್ಟೆಲ್ಲ ನೋಡುವಷ್ಟರಲ್ಲಿ ಕುಷ್ಟಗಿಯ ಬಸ್ಸು ಹೋದೀತು! ಅವಸರವಿದ್ದಾಗ ಅರ್ಜಿಯನ್ನು ಪಿಡಿಎಫ್ ಮಾಡಿ ಪೆನ್ ಡ್ರೈವಿನಲ್ಲಿ ಹಳೆ ಯಂತ್ರಕ್ಕೆ ಒಯ್ಯುವುದೇ ಸುಲಭ. ಪೆನ್ ಡ್ರೈವ್ ‘ಫ್ಯಾಟ್ 32’ ವಿನ್ಯಾಸದಲ್ಲಿರಲಿ. ದೊಡ್ಡ ಡ್ರೈವುಗಳ ‘ಎಕ್ಸ್‌ಫ್ಯಾಟ್’ ಎಕ್ಸ್‌ಪಿಗೆ ತಾನಾಗಿ ತಿಳಿಯದು. ಊರೆಲ್ಲ ತಿರುಗಿ ಬಂದ ಪೆನ್ ಡ್ರೈವಾದರೆ ಮೊದಲು ವೈರಸ್ ತಪಾಸಣೆ.

ಕಡತ ಹಳೆಯದರಿಂದ ಹೊಸದಕ್ಕೆ ಬರುವಾಗ ಕನ್ನಡಿಗರಿಗೊಂದು ಹೆಚ್ಚುವರಿ ಪೇಚು. ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪು ಮಾಡಿದ ಶಾಲೆಯ ಪತ್ರ ಹೊಸ ಯಂತ್ರದಲ್ಲಿ ಕೊಂಬು ಕೋಡು ಮೂಡಿದ ರೋಮನ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಕನ್ನಡಕ್ಕೆ ಸ್ವಂತ ಸಂಖ್ಯೆಗಳು 1991ರ ಯೂನಿಕೋಡ್‌ನಲ್ಲೇ ಸಿಕ್ಕಿದ್ದವು, ನಮ್ಮ ಕಚೇರಿಗಳು ಅತ್ತ ಹೊರಳಿದ್ದು ನಿಧಾನವಾಗಿ. ಪ್ರಿಂಟ್ ಮಾತ್ರ ಸಾಕಾದರೆ ಹಳೆ ಯಂತ್ರದಲ್ಲೇ ಫಾಂಟ್ ಸಮೇತ ಪಿಡಿಎಫ್ ಮಾಡಬೇಕು. ಪತ್ರವನ್ನು ತಿದ್ದಬೇಕಾದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತರಬೇಕು. ಪರಿವರ್ತಕಗಳು ಅರ್ಕಾವತ್ತಿನಲ್ಲಿ, ಒತ್ತಕ್ಷರದಲ್ಲಿ ಆಗಾಗ ತಪ್ಪುತ್ತವೆ. ಹೆಸರು, ತಂದೆಯ ಹೆಸರು, ಊರು, ಈ ಮೂರನ್ನು ಮಗಳೇ ಒಮ್ಮೆ ಓದಿ ನೋಡಿದ ಮೇಲೆ ಪ್ರಿಂಟ್ ಗುಂಡಿ ಒತ್ತಲಿ.