ನೀರಿನ ಭಯವೂ ನೀರಿನ ವಿದ್ಯೆಯೂ

2000ನೆಯ ಇಸವಿಯಲ್ಲಿ ಸಿಡ್ನಿ ನಗರದಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಲ್ಲಿ ತಾಚಿಬಾನಾ ಮಿಯಾ, ತಾಕೆದಾ ಮಿಹೊ ಎಂಬ ಜಪಾನಿನ ಇಬ್ಬರು ತರುಣಿಯರು, ಸಂಗೀತದ ಲಯಕ್ಕೆ ಸರಿಯಾಗಿ ನೀರಿನಲ್ಲಿ ಜೊತೆಗೂಡಿ ನರ್ತಿಸುವ ಸಿಂಕ್ರೊನೈಸ್ಡ್ ಈಜಿನಲ್ಲಿ ಬೆಳ್ಳಿಯ ಪದಕವನ್ನು ಪಡೆದರು. ಅದೇ ಪಂದ್ಯಗಳಿಗೆ ಭಾರತದಿಂದ ತೆರಳಿದ ಏಕಮಾತ್ರ ಈಜುಗಾರ್ತಿ ನಮ್ಮ ಬೆಂಗಳೂರಿನ ನಿಶಾ ಮಿಲೆಟ್.

ಬಾಲ್ಯದಲ್ಲಿ ನೀರಿನಲ್ಲಿ ಮುಳುಗಿ ಪ್ರಾಣಾಪಾಯದಿಂದ ಪಾರಾದ ಈ ಹೆಣ್ಣುಮಗುವಿಗೆ ನೀರೆಂದರೆ ಭಯವಿತ್ತು. ಆ ಭಯವನ್ನು ಕಳೆಯಲೆಂದೇ ತಂದೆ ಆಕೆಗೆ ಈಜು ಕಲಿಸಿದರು. 1999ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಆಕೆ ಗೆದ್ದ ಚಿನ್ನದ ಪದಕಗಳು 14. ಸಿಡ್ನಿಯಲ್ಲಿ 200 ಮೀಟರ್ ಫ್ರೀಸ್ಟೈಲಿನ ತಮ್ಮ ಸರದಿಯಲ್ಲಿ ಮೊದಲಿಗರಾದರೂ ಮುಂದಿನ ಸುತ್ತು ದೊರೆಯಲಿಲ್ಲ. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. 2004ರ ಒಲಿಂಪಿಕ್ ಅರ್ಹತೆ ಕೂದಲೆಳೆಯಲ್ಲಿ ತಪ್ಪಿತು. ಕುಟುಂಬದ ಉಳಿತಾಯವೂ ಕರಗಿತ್ತು. ಸ್ಪರ್ಧೆಯನ್ನು ತ್ಯಜಿಸಿ, ಮಕ್ಕಳಿಗೆ ಈಜು ಕಲಿಸುವ ಕಾರ್ಯಕ್ಕೆ ಅವರು ತೊಡಗಿದರು.

ಜಪಾನಿನ ಕಥೆಯೂ ಭಯದಿಂದಲೇ ಮೊದಲಾಯಿತು. 1955ನೆಯ ಮೇ 11ರಂದು ಅಲ್ಲಿನ ಸೆತೊ ಒಳಗಡಲಿನಲ್ಲಿ 'ಶಿಉನ್ ಮಾರು' ಎಂಬ ಹಡಗು ಮಂಜಿನಲ್ಲಿ ಮತ್ತೊಂದಕ್ಕೆ ತಾಗಿ ಮುಳುಗಿ 168 ಮಂದಿ ಮಡಿದರು. ಅವರಲ್ಲಿ ನೂರರಷ್ಟು ಮಂದಿ ಪ್ರವಾಸ ಹೊರಟಿದ್ದ ಶಾಲಾಮಕ್ಕಳು. ಆ ದೇಶವು ಅತ್ತು ಸುಮ್ಮನಾಗಲಿಲ್ಲ. ಶಾಲೆಶಾಲೆಗೂ ಈಜುಕೊಳ ಕಟ್ಟಿಸಿ, ಈಜನ್ನು ಪಾಠವನ್ನಾಗಿ ಮಾಡಿತು. ಸಿಂಕ್ರೊನೈಸ್ಡ್ ಈಜು ಒಲಿಂಪಿಕ್ಸನ್ನು ಪ್ರವೇಶಿಸಿದ 1984ರಿಂದ 2008ರವರೆಗೆ ಪ್ರತಿಯೊಂದು ಕೂಟದಲ್ಲಿಯೂ ಜಪಾನು ಅದರಲ್ಲಿ ಪದಕ ಪಡೆಯಿತು. ಮಕ್ಕಳ ಜೀವರಕ್ಷಣೆಗೆಂದು ತೋಡಿದ ಕೊಳಗಳು ಈಜಿನ ಕೀರ್ತಿಗೂ ನೆಲೆಯಾದವೆಂಬುದು ನಮ್ಮ ಅಭಿಪ್ರಾಯ. ಅಲ್ಲಿ ದೇಶವೇ ಹೊತ್ತ ಭಾರವನ್ನು ಇಲ್ಲಿ ಒಬ್ಬ ತಂದೆ ಹೊತ್ತನು.

ಸಿಡ್ನಿ ಎಲ್ಲಿ, ನಾರದಮುನಿಯ ಕ್ಷೇತ್ರವಾದ ನಮ್ಮ ಚಿಗಟೇರಿ ಎಲ್ಲಿ ಎಂದು ವಾಚಕ ಮಹಾಶಯರು ಕೇಳಬಹುದು. ಪದಕದ ಮಾತು ಹಾಗಿರಲಿ. ಪ್ರಾಣದ ಮಾತು ಕೇಳಿರಿ. ಹರಪನಹಳ್ಳಿ ಸೀಮೆಯಂತಹ ಬಯಲುನಾಡಿನಲ್ಲಿಯೂ ಕೆರೆ ಬಾವಿಗಳುಂಟು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ರಾಜ್ಯದ ಒಣಭೂಮಿಯ ಹೊಲಗಳಲ್ಲಿ ಕೃಷಿಹೊಂಡಗಳೂ ಬಂದಿವೆ. ನೀರು ಇಂಗದಿರಲೆಂದು ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯೇ ಕಾಲು ಜಾರಿದ ಮಗುವಿಗೆ ಮೇಲೇರಲು ಆಸ್ಪದ ಕೊಡದು. ಬೆನ್ನಿಗೆ ಸೋರೆಬುರುಡೆ ಕಟ್ಟಿ ಗಂಡುಹುಡುಗರನ್ನು ಬಾವಿಗಿಳಿಸಿದ ಹಿರಿಯರು ಹೆಣ್ಣುಮಕ್ಕಳನ್ನು ದಡದಲ್ಲಿಯೇ ನಿಲ್ಲಿಸಿದರು. ಬಟ್ಟೆ ಒಗೆಯಲೂ ನೀರು ತರಲೂ ದಡಕ್ಕೆ ಹೋಗುವವರು ಅವರೇ ಅಲ್ಲವೆ?

ಆದಕಾರಣ ಅಧಿಕಾರಿಗಳಲ್ಲಿಯೂ ಪಂಚಾಯಿತಿಗಳ ಸದಸ್ಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಪ್ರತಿಯೊಂದು ಹೊಂಡಕ್ಕೂ ಬೇಲಿಯಿರಲಿ, ಹಿಡಿದೇರಲು ಹಗ್ಗವಿರಲಿ; ಬೇಸಗೆಯ ರಜೆಯಲ್ಲಿ ಬಲ್ಲವರ ಮೇಲ್ವಿಚಾರಣೆಯಲ್ಲಿ ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಈಜು ಕಲಿಸುವ ಏರ್ಪಾಡಾಗಲಿ. ಅವರಲ್ಲೊಬ್ಬಳು ಮುಂದೆ ಒಲಿಂಪಿಕ್ಸಿಗೆ ಹೋದರೆ ಸಂತೋಷ. ಎಲ್ಲರೂ ಸಂಜೆಗೆ ಮನೆಗೆ ಮರಳಿದರೆ ಅದಕ್ಕಿಂತ ದೊಡ್ಡ ಪದಕ ನಮಗೆ ಬೇಕಿಲ್ಲ.